ಸೋಲ್ಡರಿಂಗ್ ಬಿಟ್ ಮೂರು ತಿಂಗಳೂ ಬರ್ತಿಲ್ಲ, ತಪ್ಪು ನಂದಾ, ಬಿಟ್ಟಿಂದಾ?

ಹಾಸನದ ಹೊಸಬ
ಎಲ್ಲರಿಗೂ ನಮಸ್ಕಾರ. ಡಿಪ್ಲೊಮಾ ಎರಡನೇ ವರ್ಷದಲ್ಲಿದೀನಿ. ಸಂಜೆ ಹೊತ್ತು ಮನೇಲಿ ಎಲ್‌ಇಡಿ ಬಲ್ಬು, ಟಿವಿ ರಿಮೋಟು, ಮಿಕ್ಸಿ ಸ್ವಿಚ್ಚು ರಿಪೇರಿ ಮಾಡ್ತೀನಿ, ಕೈಖರ್ಚಿಗೆ ಆಗುತ್ತೆ. ಸೋಲ್ಡರಿಂಗ್ ಐರನ್ನು 25 ವ್ಯಾಟಿಂದು, ನೇರ ಪ್ಲಗ್ಗಿಗೆ ಹಾಕೋದು. ಟೆಂಪರೇಚರ್ ಕಂಟ್ರೋಲ್ ಗಿಂಟ್ರೋಲ್ ಏನೂ ಇಲ್ಲ.

ಹೊಸ ಬಿಟ್ (ಐರನ್ನಿನ ಬಿಸಿಯಾಗೋ ತುದಿ) ಹಾಕಿದ ಮೊದಲ ವಾರ ಬೆಣ್ಣೆ ಥರ ಕೆಲಸ ಮಾಡುತ್ತೆ. ಆಮೇಲೆ ತುದಿ ಕಪ್ಪಾಗುತ್ತೆ. ಲೆಡ್ (ತವರ, ಸೀಸ ಬೆರೆಸಿದ ಸೋಲ್ಡರ್ ತಂತಿ) ತಾಗಿಸಿದ್ರೆ ಕರಗುತ್ತೆ, ಆದ್ರೆ ಬಿಟ್ಟಿಗೆ ಹಿಡಿಯಲ್ಲ. ಕೆಸುವಿನ ಎಲೆ ಮೇಲೆ ನೀರು ಬಿದ್ದ ಹಾಗೆ ಗುಂಡಗಾಗಿ ಉರುಳಿ ಟೇಬಲ್ ಮೇಲೆ ಬೀಳುತ್ತೆ. ಆಗ ಸ್ಯಾಂಡ್ ಪೇಪರ್ ತಗೊಂಡು ಕೆಂಪಗೆ ತಾಮ್ರ ಕಾಣೋವರೆಗೂ ಉಜ್ಜುತ್ತೀನಿ. ಎರಡು ದಿನ ಮತ್ತೆ ಬೆಣ್ಣೆ. ಮೂರನೇ ದಿನ ತುದೀಲಿ ಗುಂಡಿ! ಇದು ಮೂರನೇ ಬಿಟ್ಟು. ಅಂಗಡಿಯವರು "ನೀನು ಬಿಟ್ಟನ್ನ ತಿಂತೀಯೇನೋ" ಅಂತ ನಗ್ತಾರೆ. ಬಿಸಿ ಕಂಟ್ರೋಲ್ ಇರೋ ದೊಡ್ಡ ಸೋಲ್ಡರಿಂಗ್ ಸ್ಟೇಷನ್ ತಗೊಳ್ಳೋ ದುಡ್ಡಿಲ್ಲ. ಇದ್ದಿದ್ದರಲ್ಲೇ ದಾರಿ ಇದ್ರೆ ಹೇಳಿ.

ಗಡಿಬಿಡಿ ಗಿರಾಕಿ
"ಸ್ಯಾಂಡ್ ಪೇಪರ್" ಅನ್ನೋ ಪದಕ್ಕೆ ಬಂದಾಗ ಓದೋದು ನಿಲ್ಲಿಸಿದೆ ಗುರು. ಕೊಲೆಗಾರ ಸಿಕ್ಕಾಯ್ತು, ಕೇಸ್ ಕ್ಲೋಸ್.

ಮರ್ಫಿ ಮಾಸ್ತರ
ಹಂಗ ಹುಡುಗನ್ನ ಬೈಬ್ಯಾಡ್ರಿ. ತಮ್ಮಾ, ನೀ ಉಜ್ಜಿದ್ದು ತಪ್ಪಲ್ಲ, ಉಜ್ಜಿದ ಬಿಟ್ಟು ಬ್ಯಾರೇದು, ಅಷ್ಟ. ನಾ ಧಾರವಾಡದಾಗ ರೇಡಿಯೊ ಅಂಗಡಿ ಸೇರಿದಾಗ ಬಿಟ್ಟು ಅಂದ್ರ ಬರೇ ತಾಮ್ರದ ಸರಳು. ದಿನಾ ಮುಂಜಾನೆ ಬಂದ ಕೂಡ್ಲೆ ಅರಾ ಹಿಡದು ತುದಿ ತಿಕ್ಕಿ ಸರಿ ಮಾಡೂದು, ಬಿಸಿ ಮಾಡಿ ರಾಳದಾಗ ಅದ್ದೂದು, ಲೆಡ್ ಹಚ್ಚೂದು. ಮಧ್ಯಾಹ್ನದೊಳಗ ಮತ್ತ ತುದಿ ತಗ್ಗ ಬೀಳೂದು, ಮತ್ತ ಅರಾ. ಬೆರಳುದ್ದದ ಸರಳು ಕಡೀಕ ಹಲ್ಲುಕಡ್ಡಿ ಆಗೂದು. ಅದ ಬಿಟ್ಟಿನ ಆಯುಷ್ಯ ಅಂತ ನಾವು ಒಪ್ಪಿಕೊಂಡಿದ್ವಿ.

ಯಾಕ ತಗ್ಗ ಬೀಳತಿತ್ತು ಅಂದ್ರ, ಕರಗಿದ ತವರದಾಗ ತಾಮ್ರ ಕರಗತೈತಿ. ಸುಡೂದಲ್ಲ, ಸವೆಯೂದಲ್ಲ, ಚಹಾದಾಗ ಸಕ್ಕರಿ ಕರಗಿದಂಗ ಕರಗೂದು. ಅದಕ್ಕ ಮಲ್ಟಿಕೋರ್ ಕಂಪನಿ ಸ್ಯಾವ್‌ಬಿಟ್ ಅಂತ ಒಂದು ಲೆಡ್ ತಂದಿತ್ತು. ಹೆಸರಿನಾಗ ಬಿಟ್ಟು ಉಳಸೂದು ಅಂತ ಅರ್ಥ ಐತಿ ನೋಡ್ರಿ. 50 ಪಾಲು ತವರ, 48.5 ಪಾಲು ಸೀಸ, ಒಂದೂವರಿ ಪಾಲು ತಾಮ್ರ. ಲೆಡ್ಡಿನೊಳಗ ಮೊದಲ ತಾಮ್ರ ಕರಗಿಸಿ ಇಟ್ರ, ಅದು ಬಿಟ್ಟಿನ ತಾಮ್ರಕ್ಕ ಅಷ್ಟಾಗಿ ಬಾಯಿ ಹಾಕೂದಿಲ್ಲ. ಹೊಟ್ಟಿ ತುಂಬಿದವ್ನ ಮುಂದ ಹೋಳಿಗಿ ಇಟ್ಟಂಗ.

ಈಗಿನ ಬಿಟ್ಟಿನ ಕತಿ ಬ್ಯಾರೆ. ಫ್ಯಾಕ್ಟರಿಯವ್ರು ಯಾರರ ಹೇಳ್ರಿ.

ಪೀಣ್ಯ ಅಕ್ಕ
ಮಾಸ್ತರ್ ಕರೆದ ಮೇಲೆ ಬರದೇ ಇರೋಕಾಗುತ್ತಾ. ಪೀಣ್ಯದಲ್ಲಿ ಬೋರ್ಡ್ ಅಸೆಂಬ್ಲಿ ಲೈನ್ ನೋಡ್ಕೊಳ್ತೀನಿ, 14 ಜನ ಹೆಣ್ಣುಮಕ್ಕಳ ಕೈಯಲ್ಲಿ 14 ಐರನ್. ಬಿಟ್ಟಿನ ಖರ್ಚಿನ ಲೆಕ್ಕ ನನ್ನ ತಲೆ ಮೇಲೇ ಬರೋದು.

ತಮ್ಮಾ, ಈಗಿನ ಬಿಟ್ ಒಳಗೆ ತಾಮ್ರವೇ ಇರೋದು, ಬಿಸಿ ಬೇಗ ಹರಿಯಲಿ ಅಂತ. ಅದರ ಮೇಲೆ ಕಬ್ಬಿಣದ ಲೇಪ ಇರುತ್ತೆ. ತವರದಲ್ಲಿ ಕಬ್ಬಿಣವೂ ಕರಗುತ್ತೆ, ಆದರೆ ತಾಮ್ರಕ್ಕೆ ಹೋಲಿಸಿದರೆ ತುಂಬಾ ನಿಧಾನ. ತುದಿ ಬಿಟ್ಟು ಉಳಿದ ಭಾಗಕ್ಕೆ ಕ್ರೋಮಿಯಂ ಹೊದಿಸಿರ್ತಾರೆ. ಅದಕ್ಕೆ ಲೆಡ್ ಹಿಡಿಯಲ್ಲ, ಹಾಗಾಗಿ ಮೇಲಕ್ಕೆ ಹತ್ತದೆ ತುದೀಲೇ ನಿಲ್ಲುತ್ತೆ. ಕಬ್ಬಿಣದ ಲೇಪ ಒಂದು ಮಿಲಿಮೀಟರಿಗಿಂತ ಎಷ್ಟೋ ತೆಳು. ನೀನು ಸ್ಯಾಂಡ್ ಪೇಪರ್ ಹಿಡಿದು "ಕೆಂಪಗೆ ಕಾಣೋವರೆಗೂ" ಉಜ್ಜಿದೆಯಲ್ಲ, ಆ ಕೆಂಪು ಕಂಡ ಗಳಿಗೆಯಲ್ಲೇ ಬಿಟ್ ಸತ್ತಿತ್ತು. ಆಮೇಲಿನ ಎರಡು ದಿನ ಮಾಸ್ತರ ಕಾಲದ ತಾಮ್ರದ ಸರಳಲ್ಲಿ ಕೆಲಸ ಮಾಡಿದೀಯ. ಅದಕ್ಕೇ ಬೆಣ್ಣೆ ಥರ ಇತ್ತು.

ಇನ್ನೊಂದು. ನಿನ್ನ ಬಿಟ್ಟಿಗೆ ಬಂದಿರೋದು ಒಂದಲ್ಲ, ಎರಡು ಕಾಯಿಲೆ. ಮೊದಲು ಕಪ್ಪಾಗಿದ್ದು, ಆಮೇಲೆ ಗುಂಡಿ ಬಿದ್ದಿದ್ದು. ಕಪ್ಪಾಗೋದು ಅಂದ್ರೆ ಕಬ್ಬಿಣ ಬಿಸಿಯಲ್ಲಿ ಗಾಳಿಗೆ ಬಿದ್ದು ಆಕ್ಸೈಡ್ ಆಗೋದು, ಜೊತೆಗೆ ಸುಟ್ಟ ರಾಳದ ಕರಿ. ಆ ಪದರಕ್ಕೆ ಲೆಡ್ ಅಂಟಲ್ಲ, ಬಿಸಿಯೂ ಸರಿಯಾಗಿ ದಾಟಲ್ಲ. ಒಳಗಿನ ಕಬ್ಬಿಣ ಗಟ್ಟಿಯಾಗೇ ಇರುತ್ತೆ, ಹಾಗಾಗಿ ಅದನ್ನ ಬದುಕಿಸಬಹುದು. ಗುಂಡಿ ಬಿತ್ತು ಅಂದ್ರೆ ಲೇಪ ತೂತಾಗಿದೆ ಅಂತ. ಅದನ್ನ ಯಾವ ದೇವರೂ ಉಳಿಸಲ್ಲ. ನೀನು ಮೊದಲನೇ ಕಾಯಿಲೆಗೆ ಕೊಟ್ಟ ಔಷಧವೇ ಎರಡನೇ ಕಾಯಿಲೆ ತಂದಿದ್ದು.

ಹಾಸನದ ಹೊಸಬ
ಅಕ್ಕಾ, ಇದನ್ನ ನಮ್ಮ ಲ್ಯಾಬಲ್ಲಿ ಯಾರೂ ಹೇಳಿರ್ಲಿಲ್ಲ. ಲ್ಯಾಬಲ್ಲೂ ಸ್ಯಾಂಡ್ ಪೇಪರ್ ಇಟ್ಟಿರ್ತಾರೆ! ಆದ್ರೆ ಒಂದು ಡೌಟು. ನಾನು ದಿನಕ್ಕೆ ಮಾಡೋದು ಹತ್ತು ಹದಿನೈದು ಜಾಯಿಂಟು. ನಿಮ್ಮಲ್ಲಿ ಸಾವಿರ ಇರಬಹುದು. ಇಷ್ಟು ಕಡಿಮೆ ಕೆಲಸಕ್ಕೆ ವಾರದಲ್ಲೇ ಯಾಕೆ ಕಪ್ಪಾಗಬೇಕು?

ಪೀಣ್ಯ ಅಕ್ಕ
ಆ ಹತ್ತು ಜಾಯಿಂಟು ಹಾಕೋಕೆ ಐರನ್ ಎಷ್ಟು ಹೊತ್ತು ಆನ್ ಇರುತ್ತೆ?

ಹಾಸನದ ಹೊಸಬ
ಕಾಲೇಜಿಂದ ಬಂದು ಆರು ಗಂಟೆಗೆ ಹಾಕ್ತೀನಿ. ಊಟಕ್ಕೆ ಅಮ್ಮ ಕರೆದಾಗ ಆಫ್ ಮಾಡ್ತೀನಿ. ಒಂಬತ್ತು, ಒಂಬತ್ತೂವರೆ. ಮಧ್ಯೆ ಮೊಬೈಲ್ ನೋಡ್ತೀನಿ, ಬಿಚ್ಚೋದು, ಹುಡುಕೋದು, ಎಲ್ಲಾ ಇರುತ್ತೆ.

ಪೀಣ್ಯ ಅಕ್ಕ
ಉತ್ತರ ನೀನೇ ಕೊಟ್ಟೆ. ಮೂರು ಗಂಟೆ ಸ್ಟ್ಯಾಂಡಲ್ಲಿ ಉರಿಯುತ್ತೆ, ಹತ್ತು ನಿಮಿಷ ಕೆಲಸ ಮಾಡುತ್ತೆ. ಕಂಟ್ರೋಲ್ ಇಲ್ಲದ ಐರನ್ ಸುಮ್ಮನೆ ಕೂತಾಗ ಬಿಸಿ ಎಲ್ಲೂ ಖರ್ಚಾಗಲ್ಲ, ತುದಿ 400 ಡಿಗ್ರಿ ಸೆಲ್ಸಿಯಸ್ ದಾಟೋದು ಮಾಮೂಲಿ. 63 ಪಾಲು ತವರ, 37 ಪಾಲು ಸೀಸ ಇರೋ ಲೆಡ್ ಕರಗೋಕೆ 183 ಡಿಗ್ರಿ ಸಾಕು, ಕೆಲಸಕ್ಕೆ 320ರಿಂದ 350 ಧಾರಾಳ. ಜಾಯಿಂಟ್ ಹಾಕುವಾಗ ಬಿಟ್ ಮೇಲೆ ಹೊಸ ಲೆಡ್ಡು, ಹೊಸ ರಾಳ ಬರ್ತಾ ಇರುತ್ತೆ, ಗಾಳಿಗೆ ಜಾಗವೇ ಸಿಗಲ್ಲ. ಒರೆಸಿ ಸ್ಟ್ಯಾಂಡಿಗೆ ಇಟ್ಟ ಮೇಲೇ ಆಕ್ಸೈಡ್ ಹಬ್ಬ ಶುರುವಾಗೋದು.

ನಮ್ಮ ಲೈನಲ್ಲಿ ಹೊಸಬರಿಗೆ ಮೊದಲ ದಿನ ಕಲಿಸೋದು ಒಂದೇ. ಜಾಯಿಂಟ್ ಹಾಕೋಕೆ ಮುಂಚೆ ಒರೆಸು, ಹಾಕಿದ ಮೇಲೆ ಒರೆಸಬೇಡ. ಎಲ್ಲರೂ ಉಲ್ಟಾ ಮಾಡ್ತಾರೆ, ಕೆಲಸ ಮುಗಿಸಿ ಫಳಫಳ ಒರೆಸಿ ಇಡ್ತಾರೆ. ಊಟ ಆದ ಮೇಲೆ ತಟ್ಟೆ ತೊಳೆದಿಟ್ಟ ತೃಪ್ತಿ ಇರಬೇಕು. ಇಲ್ಲಿ ಎಂಜಲಲ್ಲೇ ಇಡಬೇಕು! ಆಫ್ ಮಾಡುವಾಗ ತುದೀಲಿ ದಪ್ಪಗೆ ಒಂದು ಹನಿ ಲೆಡ್ ಕರಗಿಸಿ, ಹಾಗೇ ಆರೋಕೆ ಬಿಡು. ಗಾಳಿ ತಿನ್ನೋದಿದ್ರೆ ಆ ಲೆಡ್ಡನ್ನ ತಿನ್ನಲಿ.

ಗಡಿಬಿಡಿ ಗಿರಾಕಿ
ಬಿಸಿ ಜಾಸ್ತಿ ಅಂದ್ರೆ ಸಿಂಪಲ್. ಐರನ್ನಿಗೆ ಸೀರೀಸಲ್ಲಿ 60 ವ್ಯಾಟಿನ ಬಲ್ಬ್ ಹಾಕು ಗುರು. ಸೀರೀಸ್ ಬೋರ್ಡ್ ಎಲ್ಲಾ ರಿಪೇರಿಯವರ ಹತ್ರ ಇದ್ದೇ ಇರುತ್ತೆ. ಅರ್ಧ ಕರೆಂಟ್, ಅರ್ಧ ಬಿಸಿ.

ಕಡಲತೀರದ ಕರೆಂಟು
ಅರ್ಧ ಎಲ್ಲಿ ಆಗ್ತದೆ ಮಾರಾಯ್ರೆ? ಲೆಕ್ಕ ಹಾಕಿ. 230 ವೋಲ್ಟಿನಲ್ಲಿ 25 ವ್ಯಾಟು ಅಂದ್ರೆ ಐರನ್ನಿನ ರೆಸಿಸ್ಟೆನ್ಸು ಸುಮಾರು 2116 ಓಮ್. ನಿಮ್ಮ 60 ವ್ಯಾಟಿನ ಬಲ್ಬು ಪೂರ್ತಿ ಉರಿದಾಗಲೇ 880 ಓಮ್, ತಣ್ಣಗಿದ್ರೆ ಅದರ ಹತ್ತರಲ್ಲಿ ಒಂದು ಪಾಲೂ ಇಲ್ಲ. ಇಷ್ಟು ಸಣ್ಣ ಕರೆಂಟಿಗೆ ಅದು ಕೆಂಪಗೆ ಮಿಣುಕಿದ್ರೆ ಹೆಚ್ಚು. ಐರನ್ನಿಗೆ ಹತ್ತಿರ ಹತ್ತಿರ 200 ವೋಲ್ಟು ಸಿಕ್ಕೇ ಸಿಗ್ತದೆ, 25 ಇದ್ದದ್ದು 18-19 ವ್ಯಾಟಿಗೆ ಇಳಿಯಬಹುದು, ಅಷ್ಟೆ. ಸೀರೀಸ್ ಬೋರ್ಡು ಶಾರ್ಟ್ ನೋಡ್ಲಿಕ್ಕೆ ಒಳ್ಳೆಯದು, ಇದಕ್ಕಲ್ಲ.

ಇದಕ್ಕೆ ಹಳೇ ಉಪಾಯ ಉಂಟು: ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ 1ಎನ್4007 ಡಯೋಡು. ಐರನ್ನಿನ ಒಂದು ವಯರಿಗೆ ಸೀರೀಸಲ್ಲಿ ಡಯೋಡು, ಡಯೋಡಿಗೆ ಅಡ್ಡಲಾಗಿ ಒಂದು ಸ್ವಿಚ್ಚು. ಸ್ವಿಚ್ಚು ಆನ್ ಇದ್ರೆ ಕರೆಂಟು ಡಯೋಡನ್ನು ಬಿಟ್ಟು ನೇರ ಹೋಗ್ತದೆ, ಪೂರ್ತಿ 25 ವ್ಯಾಟು. ಆಫ್ ಮಾಡಿದ್ರೆ ಎಸಿಯ ಅರ್ಧ ಅಲೆ ಮಾತ್ರ ದಾಟ್ತದೆ, ಹನ್ನೆರಡೂವರೆ ವ್ಯಾಟು. ಸ್ಟ್ಯಾಂಡಲ್ಲಿ ಇಡುವಾಗ ಆಫ್, ಕೆಲಸಕ್ಕೆ ಒಂದು ನಿಮಿಷ ಮೊದಲು ಆನ್. ಡಯೋಡು ತಡೆಯೋದು 1 ಆಂಪಿಯರ್, 1000 ವೋಲ್ಟು. ಐರನ್ ಎಳೆಯೋದು ಒಂದರ ಹತ್ತನೇ ಪಾಲು, ಹಾಗಾಗಿ ಬಿಸಿಯೂ ಆಗುದಿಲ್ಲ. ಆದ್ರೆ ಇದು ಮೇನ್ಸ್ ಕರೆಂಟು. ಟೇಪ್ ಸುತ್ತಿ ಟೇಬಲ್ ಮೇಲೆ ಬಿಡಬೇಡಿ, ಪ್ಲಾಸ್ಟಿಕ್ ಸ್ವಿಚ್ ಬಾಕ್ಸಿನ ಒಳಗೆ ಸ್ಕ್ರೂ ಹಾಕಿ ಮುಚ್ಚಿ.

ಗಡಿಬಿಡಿ ಗಿರಾಕಿ
ಸರಿ ಸ್ವಾಮಿ, ಸೋತೆ. 40 ವ್ಯಾಟಿನ ಬಲ್ಬಾದ್ರೆ?

ಕಡಲತೀರದ ಕರೆಂಟು
ಅಂದಾಜು ಡಯೋಡಿನ ಲೆಕ್ಕಕ್ಕೆ ಬರ್ತದೆ. ಆದ್ರೆ ಫಿಲಮೆಂಟ್ ಬಲ್ಬ್ ಹುಡುಕಲಿಕ್ಕೆ ಹೋಗುವ ಆಟೋ ದುಡ್ಡಿಗೆ ಒಂದು ಮುಷ್ಟಿ ಡಯೋಡ್ ಬರ್ತದೆ.

ಮರ್ಫಿ ಮಾಸ್ತರ
ಬಿಸಿ ಹಿಡಿತದಾಗ ಇಡೂ ವಿಷಯ ಬಂತಲ್ಲ, ಒಂದು ನೆನಪ ಹೇಳಿಬಿಡ್ತೀನಿ. ಅಂಗಡಿ ಬಿಟ್ಟು ಬೆಂಗಳೂರಿನ ಕಾರ್ಖಾನಿಗೆ ಹೋದ ಮ್ಯಾಲೆ ನನ್ನ ಕೈಗೆ ವೆಲ್ಲರ್ ಮ್ಯಾಗ್ನಾಸ್ಟ್ಯಾಟ್ ಬಂತು. ಅದರಾಗ ಎಲೆಕ್ಟ್ರಾನಿಕ್ಸೂ ಇಲ್ಲ, ತಿರುವೂ ಗುಂಡಿನೂ ಇಲ್ಲ. ಬಿಟ್ಟಿನ ಬುಡಕ್ಕ ಒಂದು ಲೋಹದ ತುಣುಕು. ಅದು ತಣ್ಣಗಿದ್ದಾಗ ಹಿಡಿಕಿಯೊಳಗಿನ ಅಯಸ್ಕಾಂತ ಅದಕ್ಕ ಅಂಟಿಕೊಂಡು ಸ್ವಿಚ್ ಹಾಕತೈತಿ. ಗೊತ್ತುಮಾಡಿದ ಬಿಸಿ ಮುಟ್ಟಿದ ಕೂಡ್ಲೆ ಆ ಲೋಹದ ಕಾಂತಗುಣಾನೇ ಹೋಗತೈತಿ, ಅಯಸ್ಕಾಂತ ಬಿಡತೈತಿ, ಸ್ವಿಚ್ ಆಫ್. ಬಿಟ್ಟಿನ ಹಿಂದ 6, 7, 8 ಅಂತ ಅಂಕಿ ಹೊಡದಿರ್ತಾರ. 7 ಅಂದ್ರ 700 ಫ್ಯಾರನ್‌ಹೀಟ್, ಅಂದಾಜು 370 ಸೆಲ್ಸಿಯಸ್. ಬಿಸಿ ಬದಲ ಮಾಡಬೇಕಂದ್ರ ಬಿಟ್ಟನ್ನ ಬದಲ ಮಾಡಬೇಕು. ದಿನಾಪೂರ್ತಿ ಟೇಬಲ್ ಮ್ಯಾಲೆ ಟಕ್, ಟಕ್ ಅಂತ ಸಪ್ಪಳ. ಆ ಸಪ್ಪಳ ನಿಂತ್ರ ಐರನ್ ಕೆಟ್ಟೈತಿ ಅಂತ ತಲಿ ಎತ್ತದ ಗೊತ್ತಾಗತಿತ್ತು.

ಸಿಗ್ನಲ್ ಸಿಕ್ತಾ
ಮೈಸೂರಲ್ಲಿ ಮೊಬೈಲ್ ರಿಪೇರಿ ಮಾಡ್ತೀನಿ. ಸೂಜಿ ಥರದ ಬಿಟ್ ಎಷ್ಟು ತಂದ್ರೂ ನಿಲ್ಲಲ್ಲ, ಉಳಿಯ ಆಕಾರದ ಅಗಲ ಬಿಟ್ ವರ್ಷಗಟ್ಟಲೆ ಬರುತ್ತೆ. ಇದಕ್ಕೆ ಕಾರಣ ಏನಂದ್ರೆ, ಸೂಜಿ ತುದಿಗೆ ಬಿಸಿ ಹರಿಯೋಕೆ ದಾರಿಯೇ ಕಿರಿದು. ಬೋರ್ಡಿನ ಗ್ರೌಂಡ್ ಪ್ಯಾಡಿಗೆ, ಅಂದ್ರೆ ಅಗಲ ತಾಮ್ರದ ಜಾಗಕ್ಕೆ ಇಟ್ರೆ ತಣ್ಣಗಾಗುತ್ತೆ, ನಾವು ಸಿಟ್ಟಲ್ಲಿ 420ಕ್ಕೆ ಏರಿಸ್ತೀವಿ, ಅದೂ ಸಾಲದು ಅಂತ ಒತ್ತುತ್ತೀವಿ. ಬಿಸಿ, ಒತ್ತಡ ಎರಡೂ ಸೇರಿ ತುದಿ ಮುಗೀತು. ಕೆಲಸಕ್ಕೆ ಎಷ್ಟು ದೊಡ್ಡ ಬಿಟ್ ಹಿಡಿಸುತ್ತೋ ಅಷ್ಟು ದೊಡ್ಡದು ಹಾಕಿ 330ಕ್ಕೆ ಇಟ್ಟು ನೋಡಿ. ರಿಮೋಟು, ಎಲ್‌ಇಡಿ ಬಲ್ಬಿಗೆಲ್ಲ ಸೂಜಿ ಬಿಟ್ ಬೇಡವೇ ಬೇಡ.

ಮತ್ತೆ ತಮ್ಮಾ, ಲೆಡ್ ಹಿಡಿಯೋಕೆ ಯಾವ ಪೇಸ್ಟ್ ಹಾಕ್ತೀಯ? ಹಳದಿ ಬಣ್ಣದ ಚಿಕ್ಕ ಡಬ್ಬೀದಾ?

ಹಾಸನದ ಹೊಸಬ
ಹೌದಣ್ಣ, ಅದೇ. ಬಿಟ್ಟನ್ನ ಡಬ್ಬಿಯೊಳಗೇ ಅದ್ದಿ ತೆಗೀತೀನಿ, ಚುಯ್ ಅಂತ ಹೊಗೆ ಬಂದು ಕ್ಲೀನ್ ಆಗುತ್ತೆ.

ಸಿಗ್ನಲ್ ಸಿಕ್ತಾ
ಅಯ್ಯೋ. ಆ ಥರದ ಪೇಸ್ಟಲ್ಲಿ ಕೆಲವದರಲ್ಲಿ ಜಿಂಕ್ ಕ್ಲೋರೈಡ್ ಇರುತ್ತೆ, ತಗಡು ಕೆಲಸದವರಿಗೆ ಮಾಡಿದ್ದು. ಅದು ಆಕ್ಸೈಡನ್ನ ತಿನ್ನುತ್ತೆ, ಕ್ಲೀನ್ ಆದಂಗೆ ಕಾಣುತ್ತೆ, ನಿಜ. ಆದರೆ ಅಲ್ಲಿಗೇ ನಿಲ್ಲಲ್ಲ, ಕಬ್ಬಿಣದ ಲೇಪವನ್ನೂ ತಿನ್ನುತ್ತೆ. ಬೋರ್ಡ್ ಮೇಲೆ ಉಳಿದದ್ದು ಮಳೆಗಾಲದಲ್ಲಿ ತಾಮ್ರದ ಗೆರೆಗಳನ್ನ ಹಸಿರು ಮಾಡುತ್ತೆ. ನಿನ್ನ ಹತ್ರ ರಿಪೇರಿ ಆದ ರಿಮೋಟು ಆರು ತಿಂಗಳಿಗೆ ವಾಪಸ್ ಬಂದ್ರೆ ಆಶ್ಚರ್ಯ ಪಡಬೇಡ. ಒಳಗೆ ರಾಳ ಇರೋ ಒಳ್ಳೆ ಲೆಡ್ ತಗೋ, ಬೇರೆ ಪೇಸ್ಟೇ ಬೇಡ. ಬೇಕೇ ಬೇಕು ಅಂದ್ರೆ ರಾಳದ ಫ್ಲಕ್ಸ್ ತಗೊಂಡು ಬೋರ್ಡಿಗೆ ಹಚ್ಚು, ಬಿಟ್ಟಿಗಲ್ಲ. ವಯರಿನ ಪ್ಲಾಸ್ಟಿಕ್ಕನ್ನ ಬಿಟ್ಟಲ್ಲಿ ಸುಟ್ಟು ಸುಲಿಯೋ ಚಟ ಇದ್ರೆ ಅದನ್ನೂ ಬಿಡು. ಪಿವಿಸಿ ಸುಟ್ಟಾಗಲೂ ಆಸಿಡ್ಡೇ ಬರೋದು.

ಕಡಲತೀರದ ಕರೆಂಟು
ನೀವೆಲ್ಲ ಹೇಳಿದ್ದು ಓದುವಾಗ ನನಗೆ ನಮ್ಮ ಅಜ್ಜಿಮನೆ ಅಂಗಳ ನೆನಪಾಯ್ತು. ವರ್ಷಕ್ಕೊಮ್ಮೆ ಕಲಾಯಿಯವ ಬರ್ತಿದ್ದ. ನೆಲದಲ್ಲಿ ಗುಂಡಿ ತೋಡಿ, ತಿದಿ ಇಟ್ಟು, ಇದ್ದಿಲು ಉರಿಸುವುದು. ಹಿತ್ತಾಳೆ ಪಾತ್ರೆ ಕಾದದ್ದೇ ನವಸಾಗರದ ಪುಡಿ ಎರಚುವುದು, ಬುಸ್ಸಂತ ಬಿಳೀ ಹೊಗೆ, ಮಕ್ಕಳೆಲ್ಲ ಕೆಮ್ಮುತ್ತಾ ಹಿಂದೆ ಓಡುವುದು. ಆ ಹೊಗೆಯ ಮಧ್ಯದಲ್ಲಿ ಅವ ತವರದ ಕಡ್ಡಿ ಮುಟ್ಟಿಸಿ ಹತ್ತಿಯಲ್ಲಿ ಒಂದು ಸುತ್ತು ಎಳೆದ ಅಂದ್ರೆ ಕರೀ ಪಾತ್ರೆ ಒಳಗೆ ಬೆಳ್ಳಿ ಹರಡಿದ ಹಾಗೆ. ಒಂದು ಕ್ಷಣ ತಡ ಆದ್ರೆ ಹಿಡಿಯುವುದಿಲ್ಲ, ಮತ್ತೆ ನವಸಾಗರ ಹಾಕಬೇಕು.

ಬಿಟ್ಟಿಗೆ ಲೆಡ್ ಹಿಡಿಸುವುದೂ ಇದೇ ಕಲಾಯಿ. ನವಸಾಗರ ಕಾದಾಗ ಆಸಿಡ್ ಬಿಟ್ಟು ಆಕ್ಸೈಡ್ ತೆಗೀತದೆ, ಗಾಳಿ ಮತ್ತೆ ಮುಟ್ಟುವ ಮೊದಲು ತವರ ಕೂರ್ತದೆ. ಅಂಗಡಿಯಲ್ಲಿ ಟಿಪ್ ಟಿನ್ನರ್ ಅಂತ ಸಣ್ಣ ಡಬ್ಬಿ ಸಿಗ್ತದಲ್ಲ, ಅದರಲ್ಲಿರುವುದು ಲೆಡ್ಡಿನ ಪುಡಿ ಮತ್ತು ಆಕ್ಸೈಡ್ ತೆಗೆಯುವ ಮದ್ದು. ಕಲಾಯಿಯವನ ಗಂಟು ಡಬ್ಬಿಯೊಳಗೆ ಬಂದ ಹಾಗೆ.

ಪೀಣ್ಯ ಅಕ್ಕ
ಟಿಪ್ ಟಿನ್ನರ್ ಬಗ್ಗೆ ಒಂದು ಎಚ್ಚರಿಕೆ. ಬಿಟ್ ಕಪ್ಪಾಗಿ ಯಾವುದಕ್ಕೂ ಬಗ್ಗದಾಗ ಮಾತ್ರ ಅದು. ದಿನಾ ಬೆಳಿಗ್ಗೆ ಅದ್ದಿದ್ರೆ ಪೇಸ್ಟ್ ಡಬ್ಬಿ ಕಥೆಯೇ. ನಮ್ಮಲ್ಲಿ ಅದರ ಡಬ್ಬಿ ನನ್ನ ಡ್ರಾಯರಲ್ಲಿ ಬೀಗದೊಳಗೆ ಇರುತ್ತೆ.

ಹೊಸಬ, ಇದನ್ನ ಈಗಲೇ ಮಾಡು. ಉಜ್ಜದೇ ಇರೋ, ಬರೀ ಕಪ್ಪಾಗಿರೋ ಬಿಟ್ ಇದೆಯಾ? ಐರನ್ನಿಗೆ ಹಾಕಿ ಪ್ಲಗ್ ಮಾಡು, ಪೂರ್ತಿ ಕಾಯೋಕೆ ಬಿಡಬೇಡ. ಲೆಡ್ ಆಗತಾನೆ ಕರಗೋಕೆ ಶುರುವಾಗೋ ಹೊತ್ತು ನೋಡ್ಕೊ. ರಾಳ ಇರೋ ಲೆಡ್ಡನ್ನ ತುದಿಗೆ ಮೂರ್ನಾಲ್ಕು ಸುತ್ತು ಸುತ್ತಿಟ್ಟಿರು. ಬಿಸಿ ಏರಿದ ಹಾಗೆ ಎಲ್ಲೋ ಒಂದು ಚುಕ್ಕೇಲಿ ಹಿಡಿಯುತ್ತೆ. ಪಾತ್ರೆ ಉಜ್ಜೋ ಹಿತ್ತಾಳೆ ಬಣ್ಣದ ಸುರುಳಿ ಇದ್ರೆ ಅದಕ್ಕೆ ಮೆತ್ತಗೆ ಚುಚ್ಚಿ ತೆಗಿ. ಸ್ಟೀಲ್ ನಾರು ಬೇಡ. ಮತ್ತೆ ಲೆಡ್, ಮತ್ತೆ ಚುಚ್ಚು. ಚುಕ್ಕೆ ಹರಡ್ತಾ ಬರುತ್ತೆ. ಹತ್ತು ಹದಿನೈದು ಸಲ ಆಗಬಹುದು, ಬೇಜಾರಾಗಬೇಡ.

ಗಡಿಬಿಡಿ ಗಿರಾಕಿ
ಅಕ್ಕಾ, ಒದ್ದೆ ಸ್ಪಂಜ್ ಬೇಡವಾ? ತಣ್ಣೀರು ತಾಗಿದ್ರೆ ಬಿಟ್ ಸೀಳುತ್ತೆ ಅಂತಾರೆ.

ಪೀಣ್ಯ ಅಕ್ಕ
ಸ್ಪಂಜ್ ವಿಲನ್ ಏನಲ್ಲ. ಬಿಸಿಗೆ ತಾಮ್ರ ಹಿಗ್ಗೋದು ಕಬ್ಬಿಣಕ್ಕಿಂತ ಜಾಸ್ತಿ, ಹೆಚ್ಚುಕಡಿಮೆ 17ಕ್ಕೆ 12ರ ಲೆಕ್ಕ. ಪ್ರತಿ ಸಲ ನೀರಲ್ಲಿ ಅದ್ದಿದ ಹಾಗೆ ಒರೆಸಿದ್ರೆ ಒಳಗಿನದು ಒಂದು ಕಡೆ, ಮೇಲಿನದು ಒಂದು ಕಡೆ ಎಳೆದು ಲೇಪದಲ್ಲಿ ಬಿರುಕು ಬರಬಹುದು. ಸ್ಪಂಜನ್ನ ಚೆನ್ನಾಗಿ ಹಿಂಡಿ, ಬರೀ ತೇವ ಇಟ್ಕೊಂಡ್ರೆ ಆ ತೊಂದರೆ ಕಡಿಮೆ. ಬೋರ್‌ವೆಲ್ ನೀರು ಹಾಕಬೇಡಿ. ಬಿಂದಿಗೆ ತಳದಲ್ಲಿ ಕೂರೋ ಬಿಳೀ ಸುಣ್ಣವೇ ಬಿಟ್ ಮೇಲೂ ಕೂರುತ್ತೆ. ಕುಡಿಯೋ ಫಿಲ್ಟರ್ ನೀರು ಸಾಕು.

ಸಿಗ್ನಲ್ ಸಿಕ್ತಾ
ಅಕ್ಕಾ, ನಿಮ್ಮಲ್ಲಿ ಲೆಡ್ ಫ್ರೀ, ಅಂದ್ರೆ ಸೀಸ ಇಲ್ಲದ್ದು ತಾನೇ? ಅದರಲ್ಲಿ ಬಿಟ್ ಎಷ್ಟು ದಿನ ಬರುತ್ತೆ?

ಪೀಣ್ಯ ಅಕ್ಕ
ಅದೇ ನನ್ನ ತಲೆನೋವು. ಯುರೋಪಿಗೆ ಹೋಗೋ ಬೋರ್ಡಿಗೆ 2006ರ ಜುಲೈಯಿಂದ ಸೀಸ ಹಾಕೋ ಹಾಗಿಲ್ಲ. ನಾವು ಬಳಸೋದರಲ್ಲಿ ತವರ 96.5, ಬೆಳ್ಳಿ 3, ತಾಮ್ರ ಅರ್ಧ ಪಾಲು. ಕಬ್ಬಿಣ ತಿನ್ನೋದು ತವರ, ಸೀಸ ಅಲ್ಲ. 63 ಪಾಲು ಇದ್ದಿದ್ದು 96 ಆಯ್ತು, ಕರಗೋ ಬಿಸಿ 183 ಇದ್ದಿದ್ದು 217 ದಾಟ್ತು. ಎರಡೂ ಕಡೆಯಿಂದ ಹೊಡೆತ. ಹೊಸಬನಿಗೆ ಹೇಳಿದೆನಲ್ಲ, ಬಿಟ್ ಹಾಳಾಗೋದು ಸುಮ್ಮನೆ ಕೂತಾಗ ಅಂತ, ಆ ಮಾತು ನಮ್ಮ ಲೈನಿಗೆ ಪೂರ್ತಿ ಒಪ್ಪಲ್ಲ. ನಮ್ಮ ಬಿಟ್ ನಿಜವಾಗಲೂ ದುಡಿದು ಸಾಯೋದು. ಎಷ್ಟು ಕಲಾಯಿ ಮಾಡಿದ್ರೂ ಒಂದಿನ ಗುಂಡಿ ಬಿದ್ದೇ ಬೀಳುತ್ತೆ. ಮನೇಲಿ ರಿಪೇರಿ ಮಾಡೋರು ಲೆಡ್ ಫ್ರೀ ಗೋಜಿಗೆ ಹೋಗಬೇಡಿ. ಸೀಸದ್ದೇ ಬಳಸಿ, ತಿನ್ನೋಕೆ ಮುಂಚೆ ಕೈ ಸೋಪಲ್ಲಿ ತೊಳೀರಿ.

ಹೊಸಬ, ಒಂದು ಕೆಲಸ ಮಾಡ್ತೀಯಾ? ಗುಂಡಿ ಬಿದ್ದ ಬಿಟ್ ಬಿಸಾಕಬೇಡ. ವೈಸಲ್ಲಿ ಕಚ್ಚಿಸಿ, ತುದಿಯನ್ನ ಒಂದು ಕಡೆಯಿಂದ ಅರ್ಧದವರೆಗೂ ಅರದಲ್ಲಿ ತಿಕ್ಕಿ ಒಳಗೆ ನೋಡು.

ಹಾಸನದ ಹೊಸಬ
ನಾಲ್ಕು ದಿನ ಬಿಟ್ಟು ಬರ್ತಾ ಇದೀನಿ, ಇಂಟರ್ನಲ್ಸ್ ಇತ್ತು.

ಎರಡನೇ ಬಿಟ್ ಒಂದು ಮೂಲೇಲಿ ಬರೀ ಕಪ್ಪಾಗಿ ಬಿದ್ದಿತ್ತು. ಅಕ್ಕ ಹೇಳಿದ ಹಾಗೆ ಲೆಡ್ ಸುತ್ತಿ ಹಾಕಿದೆ. ಮೊದಲ ಆರು ಸಲ ಏನೂ ಇಲ್ಲ, ಗುಂಡು ಗುಂಡಾಗಿ ಉರುಳ್ತು. ಏಳನೇದಕ್ಕೆ ಸಾಸಿವೆ ಕಾಳಿನಷ್ಟು ಜಾಗ ಹೊಳೆಯಿತು. ಆಮೇಲೆ ಅದು ಹರಡಿದ್ದು ನೋಡಿ ಅಮ್ಮನ್ನೂ ಕರೆದು ತೋರಿಸಿದೆ. ಈಗ ಮುಕ್ಕಾಲು ಭಾಗ ಬೆಳ್ಳಗಿದೆ, ಒಂದು ಅಂಚು ಮಾತ್ರ ಹಟ ಮಾಡ್ತಿದೆ. ಡಯೋಡ್ ಬಾಕ್ಸೂ ಮಾಡಿದೆ. ಅರ್ಧದಲ್ಲಿಟ್ರೆ ಲೆಡ್ ಕರಗುತ್ತೆ, ಆದ್ರೆ ಅಂಟಂಟಾಗಿ ಸೋಮಾರಿ ಥರ ಕರಗುತ್ತೆ. ರಾಳದ ಹೊಗೆಯೂ ತೆಳ್ಳಗೆ.

ಮೂರನೇದನ್ನ ಅರದಲ್ಲಿ ತಿಕ್ಕಿದೆ ಅಕ್ಕಾ. ಹೊರಗಿಂದ ನೋಡಿದ್ರೆ ಗುಂಡುಸೂಜಿ ತಲೆಯಷ್ಟು ತೂತು. ಒಳಗೆ ಬಟಾಣಿ ಹುಳು ತಿಂದ ಹಾಗೆ ದೊಡ್ಡ ಪೊಳ್ಳು, ಅದರ ತುಂಬ ಲೆಡ್. ಸುತ್ತ ಕೆಂಪು ತಾಮ್ರ. ಎಲ್ಲಕ್ಕಿಂತ ಹೊರಗೆ ಮೊಟ್ಟೆ ಚಿಪ್ಪಿನಷ್ಟು ತೆಳ್ಳಗೆ ಬೂದು ಬಣ್ಣದ ಗೆರೆ. ನಾನು ಸ್ಯಾಂಡ್ ಪೇಪರ್ ಹಿಡಿದು ಉಜ್ಜಿದ ಕಡೆ ಆ ಗೆರೆಯೇ ಇಲ್ಲ.

ಪೀಣ್ಯ ಅಕ್ಕ
ಅದರ ಫೋಟೋ ಇಲ್ಲಿ ಹಾಕು. ಸೋಮವಾರ ಲೈನಿಗೆ ಮೂರು ಜನ ಹೊಸಬರು ಬರ್ತಿದಾರೆ, ಅವರಿಗೆ ತೋರಿಸಬೇಕು.

ಮರ್ಫಿ ಮಾಸ್ತರ
ಹಟ ಮಾಡೂ ಅಂಚಿಗೆ ರಾಳದ ಹರಳು ಮುಟ್ಟಿಸಿ ನೋಡು ತಮ್ಮಾ. ಆಮ್ಯಾಲೆ ಆ ಮೂರನೇ ಬಿಟ್ಟು ನನಗ ಕಳಿಸು. ತಾಮ್ರ ಇನ್ನೂ ಐತೆಲ್ಲ, ಪೊಳ್ಳು ಕೊಯ್ದು ಒಗದು, ಉಳಿದದ್ದು ಅರಾ ಹಾಕಿ ನಾ ಒಂದು ತಿಂಗಳಾ ದುಡಸ್ತೀನಿ.